ಹಳ್ಳದ ಚಳಿ, ದಿಣ್ಣೆಯ ಚಳಿ

ಮಾಗಿಯ ಕಾಲದಲ್ಲಿ, ಬೆಳಗಿನ ಜಾವ ಐದೂವರೆ ಗಂಟೆಯ ಸುಮಾರಿಗೆ, ದೊಡ್ಡಬಳ್ಳಾಪುರದಿಂದ ನಂದಿಬೆಟ್ಟದ ದಿಕ್ಕಿಗೆ ದ್ವಿಚಕ್ರ ವಾಹನದ ಮೇಲೆ ಹೋಗಿಬಂದವರಿಗೆಲ್ಲ ಒಂದು ಅನುಭವ ಆಗಿಯೇ ಇರುತ್ತದೆ. ರಸ್ತೆಯು ಹಳ್ಳದ ಸೇತುವೆಗೋ ಕೆರೆಯಂಗಳದ ಬದಿಗೋ ಇಳಿದೊಡನೆ ಚಳಿ ಸೂಜಿಯಂತೆ ಚುಚ್ಚುತ್ತದೆ, ಕೈಬೆರಳುಗಳು ಮರಗಟ್ಟುತ್ತವೆ. ಅಲ್ಲಿಂದ ನೂರಿನ್ನೂರು ಗಜ ಮುಂದೆ ದಿಣ್ಣೆಯನ್ನು ಏರಿದರೆ, ಯಾರೋ ಬೆನ್ನಿಗೆ ಕಂಬಳಿ ಹೊದಿಸಿದಂತೆ ಹಿತವಾಗುತ್ತದೆ. ಮತ್ತೆ ಇಳಿದರೆ ಮತ್ತೆ ಅದೇ ಚಳಿ. ಊರು ಒಂದೇ, ಹೊತ್ತು ಒಂದೇ, ಆಕಾಶ ಒಂದೇ. ಆದರೂ ಚಳಿ ಮಾತ್ರ ಎರಡು ಬಗೆ. ಇದು ಕೇವಲ ಮೈಯ ಭ್ರಮೆಯಲ್ಲ. ಉಷ್ಣಮಾಪಕವನ್ನು ಹಿಡಿದು ನೋಡಿದರೆ ಅದೂ ಇದೇ ಸಾಕ್ಷ್ಯವನ್ನು ನುಡಿಯುತ್ತದೆ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವನು. ಪ್ರತಿ ವರ್ಷವೂ ಡಿಸೆಂಬರ್ ತಿಂಗಳಲ್ಲಿ ತರಗತಿಯ ಮುಂದೆ ಒಂದು ಪ್ರಶ್ನೆಯನ್ನಿಡುವುದು ನನ್ನ ರೂಢಿ: "ಚಳಿಗಾಲದ ರಾತ್ರಿ ಹೆಚ್ಚು ಚಳಿ ಬೆಟ್ಟದ ಮೇಲೋ, ಬೆಟ್ಟದ ಬುಡದಲ್ಲೋ?" ತರಗತಿಯೆಲ್ಲ ಒಕ್ಕೊರಲಿನಿಂದ "ಬೆಟ್ಟದ ಮೇಲೆ" ಎನ್ನುತ್ತದೆ. ಎತ್ತರಕ್ಕೆ ಏರಿದಂತೆ ಪ್ರತಿ ಕಿಲೊಮೀಟರಿಗೆ ಸರಾಸರಿ ೬.೫ ಡಿಗ್ರಿ ಸೆಲ್ಸಿಯಸ್‌ನಂತೆ ಉಷ್ಣತೆ ಇಳಿಯುತ್ತದೆಂದು ಪಠ್ಯಪುಸ್ತಕ ಹೇಳಿದೆ. ವಿದ್ಯಾರ್ಥಿಗಳು ಅದನ್ನು ಕಂಠಪಾಠ ಮಾಡಿದ್ದಾರೆ. ಅವರ ಉತ್ತರ ಪೂರ್ತಿ ತಪ್ಪಲ್ಲ. ಆದರೆ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ನಮ್ಮ ಸುತ್ತಲಿನ ಹಳ್ಳದಿಣ್ಣೆಗಳಿಂದಲೇ ಕಲಿಯಬೇಕು. ಆ ಉಳಿದರ್ಧವನ್ನು ಅಲಕ್ಷಿಸಿ, ಇಡೀ ಜಿಲ್ಲೆಗೆ ಒಂದೇ ಅಂಕಿಯನ್ನು ಹಚ್ಚಿ ತೃಪ್ತರಾಗುವುದು ಉಚಿತವಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪಠ್ಯಪುಸ್ತಕದ ಮಾತನ್ನೇ ನೋಡೋಣ. ಹಗಲಿನಲ್ಲಿ ಬಿಸಿಲಿನಿಂದ ನೆಲ ಕಾಯುತ್ತದೆ. ನೆಲವನ್ನು ಮುಟ್ಟಿದ ಗಾಳಿಯೂ ಕಾದು ಹಗುರಾಗಿ ಮೇಲೇರುತ್ತದೆ. ಮೇಲೇರಿದಂತೆ ಒತ್ತಡ ತಗ್ಗಿ, ಹಿಗ್ಗಿ, ತಂಪಾಗುತ್ತದೆ. ಹೀಗೆ ವಾಯುಮಂಡಲದ ಕೆಳಭಾಗವು ಕಡೆಗೋಲಿಗೆ ಸಿಕ್ಕ ಮೊಸರಿನಂತೆ ಸದಾ ಮೇಲೆಕೆಳಗೆ ಕಲಕುತ್ತಿರುತ್ತದೆ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ ೧೪೭೮ ಮೀಟರ್ ಎತ್ತರದಲ್ಲಿದೆ. ಸುತ್ತಲಿನ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಬಯಲು ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಈ ಅಂತರಕ್ಕೆ ಹಗಲಿನಲ್ಲಿ ನಾಲ್ಕೈದು ಡಿಗ್ರಿಯ ತಂಪು ದೊರೆಯುವುದು ಸಹಜ. ಟಿಪ್ಪು ಸುಲ್ತಾನನೂ, ಮುಂದೆ ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರರಾಗಿದ್ದ ಮಾರ್ಕ್ ಕಬ್ಬನ್ನರೂ ಬೇಸಗೆಯ ವಾಸಕ್ಕೆ ನಂದಿಯ ತುದಿಯನ್ನು ಆರಿಸಿಕೊಂಡದ್ದು ಈ ತಂಪಿಗಾಗಿಯೇ.

ಸೂರ್ಯ ಮುಳುಗಿದ ಮೇಲೆ ಆಟದ ನಿಯಮವೇ ಬದಲಾಗುತ್ತದೆ. ನೆಲಕ್ಕೆ ಈಗ ಬರುವ ಆದಾಯ ನಿಂತುಹೋಗಿದೆ. ವೆಚ್ಚ ಮಾತ್ರ ನಿಂತಿಲ್ಲ. ೧೭ ಡಿಗ್ರಿ ಉಷ್ಣತೆಯಲ್ಲಿರುವ ನೆಲವು ಪ್ರತಿ ಚದರ ಮೀಟರಿನಿಂದಲೂ ಸುಮಾರು ೪೦೦ ವ್ಯಾಟ್‌ನಷ್ಟು ಶಕ್ತಿಯನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಮೇಲಕ್ಕೆ ಸೂಸುತ್ತಿರುತ್ತದೆ. ಮೋಡವಿದ್ದರೆ ಅದು ಈ ಕಿರಣಗಳನ್ನು ಹೀರಿಕೊಂಡು ಬಹುಪಾಲನ್ನು ನೆಲಕ್ಕೇ ಮರಳಿಸುತ್ತದೆ. ಆದರೆ ಮಾಗಿಯ ಆಕಾಶ ನಿರ್ಮಲವಾದುದು, ನೀರಾವಿಯೂ ಕಡಿಮೆ. ಅಂಥ ಆಕಾಶ ಸ್ಥೂಲವಾಗಿ ಮುಕ್ಕಾಲು ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ಅಂದರೆ ನಮ್ಮ ಹೊಲದ ಒಂದೊಂದು ಚದರ ಮೀಟರೂ ರಾತ್ರಿಯಿಡೀ ಒಂದೊಂದು ನೂರು ವ್ಯಾಟಿನ ದೀಪವನ್ನು ಉರಿಸಿದಷ್ಟು ಶಾಖವನ್ನು ಕಳೆದುಕೊಳ್ಳುತ್ತದೆ. ಮೋಡ ಕವಿದ ರಾತ್ರಿ ಸೆಕೆಯೂ, ನಕ್ಷತ್ರಗಳು ಫಳಫಳಿಸುವ ರಾತ್ರಿ ಚಳಿಯೂ ಆಗುವುದಕ್ಕೆ ಇದೇ ಕಾರಣ.

ನೆಲ ತಣ್ಣಗಾದಂತೆ ಅದನ್ನು ಮುಟ್ಟಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಭಾರವಾದುದರಿಂದ ಮೇಲೇಳದೆ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಅದರ ಮೇಲೆ ಸಂಜೆಯ ಬೆಚ್ಚನೆಯ ಗಾಳಿ ಹಾಗೆಯೇ ಉಳಿದಿರುತ್ತದೆ. ಹಗಲಿನ ಕ್ರಮ ಹೀಗೆ ತಲೆಕೆಳಗಾಗಿ, ಕೆಳಗೆ ಚಳಿ, ಮೇಲೆ ಬೆಚ್ಚಗೆ ಎಂಬ ಸ್ಥಿತಿ ಉಂಟಾಗುತ್ತದೆ. ಇದಕ್ಕೆ ಉಷ್ಣತಾ ವಿಪರ್ಯಯವೆಂದು ಹೆಸರು. ನೆಲ ಸಮತಟ್ಟಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಇಳಿಜಾರಿದ್ದರೆ ಮುಂದುವರಿಯುತ್ತದೆ. ನಮ್ಮ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಒಂದು ಕಿಲೋಗ್ರಾಮಿಗೆ ಸ್ವಲ್ಪ ಹೆಚ್ಚು. ಅದೇ ಗಾಳಿ ಐದು ಡಿಗ್ರಿ ತಣ್ಣಗಾದರೆ ಘನ ಮೀಟರಿಗೆ ಸುಮಾರು ೧೮ ಗ್ರಾಂನಷ್ಟು ಭಾರ ಹೆಚ್ಚುತ್ತದೆ. ಹದಿನೆಂಟು ಗ್ರಾಂ ಎಂದರೆ ಅತ್ಯಲ್ಪವೆನ್ನಬಹುದು. ಆದರೆ ತಡೆಯುವ ಗಾಳಿ ಬೀಸದಿರುವಾಗ ಆ ಅತ್ಯಲ್ಪವೇ ಸಾಕು. ತಣ್ಣನೆಯ ಗಾಳಿ ಇಳಿಜಾರಿನುದ್ದಕ್ಕೂ ಮೆಲ್ಲಮೆಲ್ಲನೆ ಜಾರಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಅದು ಬಿಟ್ಟುಹೋದ ಎಡೆಯನ್ನು ಮೇಲಿನ ಬೆಚ್ಚನೆಯ ಗಾಳಿ ತುಂಬುತ್ತದೆ. ಆದುದರಿಂದ ಬೆಟ್ಟದ ನಡುಮೈ ಹಲವು ವೇಳೆ ಬುಡಕ್ಕಿಂತ ಬೆಚ್ಚಗಿರುತ್ತದೆ.

ಈ ಮಾತನ್ನು ನಮ್ಮ ಸೀಮೆಯ ಭೂಪಟದ ಮೇಲೆ ಇಟ್ಟು ನೋಡಿರಿ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಯಿಂದ ಹೆಸರಘಟ್ಟದತ್ತ ಸಾಗುತ್ತದೆ. ಅದೇ ಸಾಲಿನಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಗೆ ಹರಿಯುತ್ತದೆ. ಪಶ್ಚಿಮಕ್ಕೆ ಮಾಕಳಿದುರ್ಗ, ನೆಲಮಂಗಲದ ಸೀಮೆಯಲ್ಲಿ ಶಿವಗಂಗೆ. ಈ ಬೆಟ್ಟಗಳ ನಡುವೆ ಹಿರಿಯರು ತಗ್ಗು ಕಂಡಲ್ಲೆಲ್ಲ ಏರಿ ಹಾಕಿ ಕೆರೆ ಕಟ್ಟಿದರು. ಹಗಲಿನಲ್ಲಿ ನೀರು ಯಾವ ದಾರಿಯಲ್ಲಿ ಹರಿದು ಎಲ್ಲಿ ನಿಲ್ಲುತ್ತದೆಯೋ, ನಿಶ್ಚಲವಾದ ರಾತ್ರಿಯಲ್ಲಿ ತಣ್ಣನೆಯ ಗಾಳಿಯೂ ಬಹುಮಟ್ಟಿಗೆ ಅದೇ ದಾರಿಯಲ್ಲಿ ಹರಿದು ಅಲ್ಲಿಯೇ ನಿಲ್ಲುತ್ತದೆ. ಕೆರೆಯ ಏರಿ ನೀರಿಗೆ ಅಡ್ಡವಾದಂತೆ ಗಾಳಿಗೂ ಅಡ್ಡ. ಅಂದಮೇಲೆ ಪ್ರತಿ ಊರಿಗೂ ಒಂದು ನೀರಿನ ಕೆರೆ ಇರುವಂತೆ ಒಂದು ಚಳಿಯ ಕೆರೆಯೂ ಉಂಟೆಂದರೆ ತಪ್ಪಾಗಲಾರದು. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದೆಂಬುದೂ ನಿಜ. ನೀರು ಗಾಳಿ ಬೀಸಿದರೆ ಕೆರೆ ಬಿಟ್ಟು ಹೋಗುವುದಿಲ್ಲ. ಚಳಿಯಾದರೋ ಸ್ವಲ್ಪ ಗಾಳಿ ಬೀಸಿದರೂ ಕಲಕಿ ಚದುರಿಹೋಗುತ್ತದೆ. ಕೆರೆಯಲ್ಲಿ ತುಂಬ ನೀರಿದ್ದರೆ ಅದು ಹಗಲಿನ ಶಾಖವನ್ನು ಹಿಡಿದಿಟ್ಟು ದಡದ ಚಳಿಯನ್ನು ತುಸು ತಗ್ಗಿಸುವುದೂ ಉಂಟು.

ಈ ವಿದ್ಯಮಾನ ನಮ್ಮ ಜಿಲ್ಲೆಗೆ ಮಾತ್ರ ಸೀಮಿತವಾದುದಲ್ಲ. ನೀಲಗಿರಿಯ ಉದಕಮಂಡಲದಲ್ಲಿ ಡಿಸೆಂಬರ್, ಜನವರಿಯ ಮುಂಜಾನೆ ಇಬ್ಬನಿ ಹೆಪ್ಪುಗಟ್ಟಿ ಬಿಳುಪಾಗಿ ಕಾಣುವುದು ಮುಖ್ಯವಾಗಿ ತಗ್ಗಿನ ಹುಲ್ಲುಬಯಲುಗಳಲ್ಲಿ. ಅಲ್ಲಿಯ ಚಹಾತೋಟಗಳಲ್ಲಿಯೂ ಮೊದಲು ಸುಟ್ಟುಹೋಗುವುವು ತಗ್ಗಿನ ಗಿಡಗಳೇ. ಇದರ ಪರಾಕಾಷ್ಠೆಯನ್ನು ಕಾಣಬೇಕಾದರೆ ಆಸ್ಟ್ರಿಯಾ ದೇಶಕ್ಕೆ ಹೋಗಬೇಕು. ಅಲ್ಲಿ ಲುಂಟ್ಸ್ ಎಂಬ ಊರಿನ ಸಮೀಪದಲ್ಲಿ ಬೆಟ್ಟಗಳ ನಡುವೆ ಬಟ್ಟಲಿನಂಥ ಒಂದು ಕುಳಿಯಿದೆ. ಅದರ ತಳ ಸಮುದ್ರಮಟ್ಟದಿಂದ ಸುಮಾರು ೧೨೭೦ ಮೀಟರ್, ಅಂದರೆ ನಮ್ಮ ನಂದಿಗಿಂತ ತಗ್ಗು. ೧೯೩೨ರ ಚಳಿಗಾಲದಲ್ಲಿ ಆ ಬಟ್ಟಲಿನ ತಳದಲ್ಲಿ ಸೊನ್ನೆಗಿಂತ ೫೨.೬ ಡಿಗ್ರಿ ಕೆಳಗಿನ ಉಷ್ಣತೆ ದಾಖಲಾಯಿತು. ಬೆಟ್ಟ ಏರಿದಂತೆ ಮರಗಳು ಕುಳ್ಳಾಗಿ ಕೊನೆಗೆ ಹುಲ್ಲಷ್ಟೇ ಉಳಿಯುವುದು ಲೋಕರೂಢಿ. ಆ ಕುಳಿಯಲ್ಲಿ ಕ್ರಮ ತಿರುವುಮುರುವು: ತಳದಲ್ಲಿ ಹುಲ್ಲು, ಅದರ ಮೇಲೆ ಕುರುಚಲು ಗಿಡ, ಇನ್ನೂ ಮೇಲೆ ಎತ್ತರದ ಮರ. ನಮ್ಮ ಬಯಲಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲವಾದರೂ ಇಲ್ಲಿ ನಡೆಯುವ ಕ್ರಿಯೆ ಅದೇ.

ಎತ್ತರವೊಂದೇ ಚಳಿಯನ್ನು ನಿರ್ಧರಿಸುವುದಿಲ್ಲವೆಂಬುದಕ್ಕೆ ಇನ್ನೂ ಹತ್ತಿರದ ನಿದರ್ಶನವಿದೆ. ಬೆಂಗಳೂರು ನಗರದ ವೀಕ್ಷಣಾಲಯ ೯೨೧ ಮೀಟರ್ ಎತ್ತರದಲ್ಲಿದೆ. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಆರಂಭವಾದ ವಿಮಾನ ನಿಲ್ದಾಣ ೯೧೫ ಮೀಟರ್ ಎತ್ತರದಲ್ಲಿದೆ. ವ್ಯತ್ಯಾಸ ಕೇವಲ ಆರು ಮೀಟರ್. ಅದರ ಪ್ರಭಾವವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಹೀಗಿದ್ದರೂ ಚಳಿಗಾಲದ ಮುಂಜಾನೆ ವಿಮಾನ ನಿಲ್ದಾಣದ ಕನಿಷ್ಠ ಉಷ್ಣತೆ ನಗರದ್ದಕ್ಕಿಂತ ಸಾಮಾನ್ಯವಾಗಿ ಒಂದೆರಡು ಡಿಗ್ರಿ ಕಡಿಮೆಯಿರುತ್ತದೆ. ನಗರದಲ್ಲಿ ಕಲ್ಲು, ಕಾಂಕ್ರೀಟು, ಡಾಂಬರು ಹಗಲೆಲ್ಲ ಶಾಖವನ್ನು ಕುಡಿದು ರಾತ್ರಿ ನಿಧಾನವಾಗಿ ಹೊರಬಿಡುತ್ತವೆ. ಎತ್ತರದ ಕಟ್ಟಡಗಳು ಆಕಾಶವನ್ನು ಮರೆಮಾಡಿ ನೆಲದ ಕಿರಣಗಳನ್ನು ತಡೆಯುತ್ತವೆ. ನಗರದ ವೀಕ್ಷಣಾಲಯದಲ್ಲಿ ಈವರೆಗಿನ ಅತಿ ಕಡಿಮೆ ಉಷ್ಣತೆ ದಾಖಲಾದದ್ದು ೧೮೮೪ರ ಜನವರಿ ೧೩ರಂದು, ಅದು ೭.೮ ಡಿಗ್ರಿ. ಅಂದಿನ ಬೆಂಗಳೂರು ಇಂದಿನದಲ್ಲ. ಅಂದು ಅದರ ಸುತ್ತಣ ನೆಲ ಇಂದಿನ ನಮ್ಮ ಹಳ್ಳಿಗಳ ನೆಲದಂತಿತ್ತು. ಆದರೂ ದೊಡ್ಡಬಳ್ಳಾಪುರದ ರೈತನೂ ಹೊಸಕೋಟೆಯ ವಿದ್ಯಾರ್ಥಿಯೂ ಬೆಳಗ್ಗೆ ಎದ್ದು ನೋಡುವುದು "ಬೆಂಗಳೂರು" ಎಂಬ ಹೆಸರಿನ ಕೆಳಗಿರುವ ಅಂಕಿಯನ್ನೇ. ಅದು ಅವರ ನೆಲದ ಅಂಕಿಯಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಹವಾಮಾನ ಇಲಾಖೆಯ ಉಷ್ಣಮಾಪಕವು ಬಿಳಿಯ ಬಣ್ಣ ಬಳಿದ, ಜಾಲಂಧ್ರವುಳ್ಳ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿರುತ್ತದೆ. ಈ ಪೆಟ್ಟಿಗೆಯನ್ನು ರೂಪಿಸಿದವರು ಥಾಮಸ್ ಸ್ಟೀವನ್‌ಸನ್ ಎಂಬ ಎಂಜಿನಿಯರರು. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ನರ ತಂದೆ. ಎಲ್ಲ ದೇಶಗಳ ಅಂಕಿಗಳನ್ನು ಹೋಲಿಸಲು ಇಂಥ ಏಕರೂಪತೆ ಅಗತ್ಯ. ಆದರೆ ಅವರೆಯ ಗಿಡ, ಸೊಪ್ಪಿನ ಮಡಿ, ಟೊಮೇಟೊ ಸಸಿ ಇವು ಯಾವುವೂ ಆ ಎತ್ತರದಲ್ಲಿ ಬದುಕುವುದಿಲ್ಲ. ಅವು ಬದುಕುವ ಗೇಣು, ಮೊಳದ ಎತ್ತರದಲ್ಲಿ ಚಳಿ ಎಷ್ಟೆಂಬುದು ಬೇರೆಯೇ ಪ್ರಶ್ನೆ.

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಭಾರತದ ಕೃಷಿ ಹವಾಮಾನಶಾಸ್ತ್ರದ ಆದ್ಯರಾದ ಎಲ್. ಎ. ರಾಮದಾಸ್ ಅವರು. ನಿರ್ಮಲವಾದ, ಗಾಳಿಯಿಲ್ಲದ ರಾತ್ರಿ ಅತಿ ಹೆಚ್ಚು ಚಳಿ ಇರಬೇಕಾದದ್ದು ನೆಲದ ಮೈಮೇಲೆಯೇ ಎಂದು ಆಗ ಎಲ್ಲರ ನಂಬಿಕೆಯಾಗಿತ್ತು. ೧೯೩೨ರಲ್ಲಿ ರಾಮದಾಸ್ ಮತ್ತು ಅವರ ಸಹೋದ್ಯೋಗಿ ಆತ್ಮನಾಥನ್ ಅವರು, ಬರಿನೆಲದ ಮೇಲೆ ಅತಿ ಚಳಿಯ ಪದರ ನೆಲಕ್ಕಿಂತ ಗೇಣು, ಮೊಳದಷ್ಟು ಮೇಲಿರುತ್ತದೆಂದು ಪ್ರಕಟಿಸಿದರು. ಪಾಶ್ಚಾತ್ಯ ವಿದ್ವಾಂಸರಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ; ಅಳತೆಯ ದೋಷವಿರಬೇಕೆಂದರು. ೧೯೫೭ರಲ್ಲಿ ರಾಷ್ಕೆ ಎಂಬ ಜರ್ಮನ್ ವಿಜ್ಞಾನಿ ಪುಣೆಯಲ್ಲಿ ಎಚ್ಚರದಿಂದ ಅಳೆದು ರಾಮದಾಸರ ಮಾತನ್ನು ಸಮರ್ಥಿಸಿದರು. ಅದಕ್ಕೆ ಗಣಿತದ ಆಧಾರದ ಮೇಲೆ ವಿವರಣೆಯನ್ನು ನೀಡಿದವರು ಬೆಂಗಳೂರಿನವರೇ ಆದ ವಾಸುದೇವಮೂರ್ತಿ, ಜೆ. ಶ್ರೀನಿವಾಸನ್, ರೊದ್ದಂ ನರಸಿಂಹ ಅವರು, ವರ್ಷ ೧೯೯೩. ಆ ಬಳಿಕ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನ ಕೇಂದ್ರದ ಕೆ. ಆರ್. ಶ್ರೀನಿವಾಸ್ ಮತ್ತು ಸಂಗಡಿಗರು, ನೆಲದ ಬಳಿಯ ಗಾಳಿಯಲ್ಲಿ ತೇಲುವ ಧೂಳಿನ ಕಣಗಳು ಆಕಾಶಕ್ಕೆ ಶಾಖವನ್ನು ಸೂಸುವುದರಿಂದ ಆ ಪದರ ನೆಲಕ್ಕಿಂತಲೂ ತಣ್ಣಗಾಗುತ್ತದೆಂದು ಪ್ರಯೋಗಗಳಿಂದ ವಾದಿಸಿದರು. ಅದೇ ಕೇಂದ್ರದವರು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಮಂಜು ಕವಿಯುವ ಬಗೆಯನ್ನೂ ಅಭ್ಯಸಿಸಿದ್ದಾರೆ. ರಾಮದಾಸರ ಕಥೆಯಲ್ಲಿ ವಿದ್ಯಾರ್ಥಿಗಳಿಗೆ ನೀತಿಯೊಂದಿದೆ. ಎಚ್ಚರದಿಂದ ಇಟ್ಟ ಉಷ್ಣಮಾಪಕ ತೋರಿದ ಅಂಕಿ, ಎಷ್ಟೇ ದೊಡ್ಡವರ ನಂಬಿಕೆಗೆ ವಿರುದ್ಧವಾಗಿದ್ದರೂ, ಅಂಕಿಯೇ.

ಇಷ್ಟೆಲ್ಲ ತಿಳಿದು ಆಗಬೇಕಾದದ್ದೇನು ಎಂದು ಕೇಳುವವರುಂಟು. ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಎರಡು ಡಿಗ್ರಿಯ ವ್ಯತ್ಯಾಸ ಎಲೆ ಒದ್ದೆಯೋ ಒಣಗಿದೆಯೋ ಎಂಬುದನ್ನು ನಿರ್ಧರಿಸಬಲ್ಲದು. ಗಾಳಿಯ ಉಷ್ಣತೆ ಇಬ್ಬನಿ ಬಿಂದುವಿಗೆ ಇಳಿದ ತಗ್ಗಿನಲ್ಲಿ ಎಲೆಗಳು ಬೆಳಗಿನ ಬಹು ಹೊತ್ತಿನವರೆಗೆ ತೊಯ್ದೇ ಇರುತ್ತವೆ. ಅಲ್ಲಿಗೆ ಇಳಿಯದ ದಿಣ್ಣೆಯಲ್ಲಿ ಒಣಗಿರುತ್ತವೆ. ದ್ರಾಕ್ಷಿಯ ಬೂಜುತುಪ್ಪಟ ರೋಗದ ಶಿಲೀಂಧ್ರ ಎಲೆಯೊಳಗೆ ಇಳಿಯಲು ಬೇಕಾದದ್ದು ಈ ಒದ್ದೆಯೇ. ೨೦೧೩ರಲ್ಲಿ ಭೌಗೋಳಿಕ ಸೂಚಿಯನ್ನು ಪಡೆದ 'ಬೆಂಗಳೂರು ನೀಲಿ' ದ್ರಾಕ್ಷಿ ಬೆಳೆಯುವುದು ಈ ಬೆಟ್ಟಗಳ ಸುತ್ತಲಿನ ತೋಟಗಳಲ್ಲಿ. ತನ್ನ ತೋಟ ತಗ್ಗಿನಲ್ಲಿದೆಯೆಂಬುದನ್ನು ಗಮನಿಸದೆ ದಿಣ್ಣೆಯವನ ಲೆಕ್ಕದಲ್ಲಿ ಔಷಧ ಸಿಂಪಡಿಸುವವನು ಬೆಳೆಯನ್ನು ಕಳೆದುಕೊಳ್ಳುತ್ತಾನೆ. ದಿಣ್ಣೆಯಲ್ಲಿದ್ದು ತಗ್ಗಿನವನ ಲೆಕ್ಕದಲ್ಲಿ ಸಿಂಪಡಿಸುವವನು ಹಣವನ್ನೂ ಮಣ್ಣಿನ ಆರೋಗ್ಯವನ್ನೂ ಕಳೆದುಕೊಳ್ಳುತ್ತಾನೆ. ವಿಜಯಪುರದ ಸುತ್ತಿನ ರೇಷ್ಮೆ ಬೆಳೆಗಾರರ ಮಾತೂ ಹಾಗೆಯೇ. ಚಾಕಿ ಹುಳುಗಳಿಗೆ ೨೬ರಿಂದ ೨೮ ಡಿಗ್ರಿಯ ಶಾಖ ಬೇಕು. ಹುಳುಮನೆ ಹಳ್ಳದಲ್ಲಿದ್ದರೆ ಅದನ್ನು ಒದಗಿಸುವ ಖರ್ಚು ಹೆಚ್ಚು. ಪುಷ್ಯಮಾಸದಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಬಂದು ಬಯಲಲ್ಲಿ ಮಲಗುವ ರೈತನಿಗೂ, ನಿರ್ಮಾಣದ ಕೆಲಸಕ್ಕೆ ಬಂದು ತಗಡಿನ ಗುಡಿಸಲಲ್ಲಿ ಕೂಸಿನೊಡನೆ ರಾತ್ರಿ ಕಳೆಯುವ ತಾಯಿಗೂ ಈ ಎರಡು ಡಿಗ್ರಿ ಕೇವಲ ಅಂಕಿಯಲ್ಲ.

ಇದಲ್ಲದೆ ನಮ್ಮ ಜಿಲ್ಲೆಯ ನೆಲದ ರೂಪವೇ ಬದಲಾಗುತ್ತಿದೆ. ಹೊಲಗಳು ಬಡಾವಣೆಗಳಾಗುತ್ತಿವೆ, ಇಳಿಜಾರಿಗೆ ಅಡ್ಡಲಾಗಿ ಉದ್ದನೆಯ ಗೋಡೆಗಳೂ ರಸ್ತೆಯ ದಿಬ್ಬಗಳೂ ಏಳುತ್ತಿವೆ. ಮಳೆನೀರಿನ ದಾರಿಯನ್ನು ಮುಚ್ಚಿದರೆ ಏನಾಗುವುದೆಂದು ಒಂದೇ ಮಳೆಗಾಲ ಕಲಿಸಿಕೊಡುತ್ತದೆ. ತಣ್ಣನೆಯ ಗಾಳಿಯ ದಾರಿಯನ್ನು ಮುಚ್ಚಿದರೆ ಆಗುವುದು ಕಣ್ಣಿಗೆ ಕಾಣುವುದಿಲ್ಲ. ಗೋಡೆಯ ಮೇಲ್ಗಡೆಯ ತೋಟದವನಿಗೆ ಮಾತ್ರ ಗಿಡಗಳು ಏಕೆ ಸೊರಗಿದವೆಂದು ತಿಳಿಯದೆ ಹೋಗುತ್ತದೆ.

ಪರಿಹಾರವೇನು? ಸರ್ಕಾರವೇ ಎಲ್ಲವನ್ನೂ ಅಳೆಯಲಿ ಎಂಬುದು ಸುಲಭದ ಉತ್ತರ. ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳಲಾರೆ. ೧೮೯೩ರಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರು ಮೈಸೂರು ಸಂಸ್ಥಾನದ ಹವೆಯ ವರದಿಯನ್ನು ಸಿದ್ಧಪಡಿಸಿದಾಗ ಆಧಾರವಾಗಿದ್ದುವು ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ ಎಂಬ ನಾಲ್ಕೇ ಠಾಣೆಗಳು. ಇಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಹವಾಮಾನ ಠಾಣೆಗಳು ಹೋಬಳಿಯ ಮಟ್ಟಕ್ಕೆ ಬಂದಿವೆ. ಇದು ಸಣ್ಣ ಸಾಧನೆಯಲ್ಲ. ಆದರೆ ಒಂದು ಹೋಬಳಿಯಲ್ಲಿ ಹತ್ತಾರು ಹಳ್ಳಗಳೂ ಹತ್ತಾರು ದಿಣ್ಣೆಗಳೂ ಇರುತ್ತವೆ. ಠಾಣೆ ಯಾವುದಾದರೂ ಒಂದರಲ್ಲಿ ಮಾತ್ರ ಇರಲು ಸಾಧ್ಯ. ಇನ್ನು ಜೇಬಿನಲ್ಲಿರುವ ಫೋನು ಹೇಳುವ ಉಷ್ಣತೆಯೋ, ಅನೇಕ ಕಿಲೊಮೀಟರುಗಳ ಚೌಕಕ್ಕೆ ಗಣಕಯಂತ್ರ ಲೆಕ್ಕ ಹಾಕಿದ ಅಂಕಿ. ನಿಮ್ಮ ಊರಿನ ಹಳ್ಳ ಅದರ ಲೆಕ್ಕದಲ್ಲಿ ಬಂದಿರುವುದೇ ಇಲ್ಲ. ಆ ಅಂಕಿಯನ್ನು ಸುಳ್ಳೆನ್ನಬೇಕಾಗಿಲ್ಲ. ಅದು ನಿಮ್ಮ ಹೊಲದ್ದೆಂದು ತಿಳಿಯುವುದು ತಪ್ಪು.

ಆದಕಾರಣ ನನ್ನ ಸಲಹೆ ಇದು. ಬೆಟ್ಟದ ಬುಡದ ಪ್ರತಿ ಪ್ರೌಢಶಾಲೆಯೂ ಪ್ರತಿ ಕಾಲೇಜೂ ಡಿಸೆಂಬರಿನಿಂದ ಶಿವರಾತ್ರಿಯವರೆಗೆ ತನ್ನ ಊರಿನ ಚಳಿಯನ್ನು ತಾನೇ ಅಳೆಯಬೇಕು. ಇದಕ್ಕೆ ಬೇಕಾದುದು ಎರಡು ಉಷ್ಣಮಾಪಕ, ಒಂದು ನೋಟ್‌ಪುಸ್ತಕ, ಬೆಳಗ್ಗೆ ಬೇಗ ಏಳುವ ಮನಸ್ಸು. ಮಕ್ಕಳ ಅಳತೆ ನಂಬಲರ್ಹವೇ ಎಂಬ ಆಕ್ಷೇಪಣೆ ಬರಬಹುದು. ಅದು ನ್ಯಾಯವಾದ ಆಕ್ಷೇಪಣೆಯೇ. ನಾನು ಮೊದಲ ಬಾರಿ ಈ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಕಳುಹಿಸಿದ ವರ್ಷ ನಮ್ಮ ದಾಖಲೆಯೆಲ್ಲ ವ್ಯರ್ಥವಾಯಿತು. ಒಬ್ಬನು ಉಷ್ಣಮಾಪಕವನ್ನು ಸಂಜೆಯ ಬಿಸಿಲಿಗೆ ಕಾದ ಗೋಡೆಗೆ ತೂಗುಹಾಕಿದ್ದನು. ಒಬ್ಬಳು ಹುಣಸೆಮರದ ಕೆಳಗೆ ಇಟ್ಟಿದ್ದಳು. ಇನ್ನೊಬ್ಬನು ಆಕಾಶಕ್ಕೆ ನೇರವಾಗಿ ತೆರೆದಿಟ್ಟಿದ್ದನು. ಮೊದಲನೆಯದು ಗೋಡೆಯ ಉಷ್ಣತೆಯನ್ನೂ, ಕೊನೆಯದು ಕಿರಣ ಸೂಸಿ ಗಾಳಿಗಿಂತ ಹೆಚ್ಚು ತಣ್ಣಗಾದ ಗಾಜಿನ ಉಷ್ಣತೆಯನ್ನೂ ತೋರಿಸಿದುವೇ ಹೊರತು ಊರಿನ ಗಾಳಿಯದನ್ನಲ್ಲ. ತಪ್ಪು ವಿದ್ಯಾರ್ಥಿಗಳದಲ್ಲ, ಮೊದಲೇ ತಿಳಿಸದ ನನ್ನದು. ಆ ತಪ್ಪಿನಿಂದ ಅವರು ವಿಕಿರಣದ ಪಾಠವನ್ನು ಕರಿಹಲಗೆಯಿಂದ ಕಲಿಯುವುದಕ್ಕಿಂತ ಚೆನ್ನಾಗಿ ಕಲಿತರೆಂಬುದೊಂದೇ ಸಮಾಧಾನ.

ಸರಿಯಾಗಿ ಅಳೆಯುವ ಕ್ರಮ ಹೀಗೆ. ಮೊದಲು ಎರಡು ಉಷ್ಣಮಾಪಕಗಳನ್ನೂ ಒಂದೇ ಕಡೆ ಒಂದೆರಡು ರಾತ್ರಿ ಇಟ್ಟು ಅವುಗಳೊಳಗಿನ ವ್ಯತ್ಯಾಸವನ್ನು ಬರೆದುಕೊಳ್ಳಬೇಕು. ಬಳಿಕ ಒಂದನ್ನು ತಗ್ಗಿನಲ್ಲಿಯೂ ಮತ್ತೊಂದನ್ನು ದಿಣ್ಣೆಯಲ್ಲಿಯೂ, ಗೋಡೆ ಮರಗಳಿಂದ ದೂರದಲ್ಲಿ, ಒಂದೇ ಎತ್ತರದಲ್ಲಿ, ಮೇಲೆ ಬಿಳಿಯ ಮರೆ ಕಟ್ಟಿ ಇಡಬೇಕು. ಸೂರ್ಯೋದಯಕ್ಕೆ ಮೊದಲು ಓದಬೇಕು. ಆಕಾಶದಲ್ಲಿ ಮೋಡವಿತ್ತೇ, ಗಾಳಿ ಬೀಸುತ್ತಿತ್ತೇ, ಎಲೆಗಳ ಮೇಲೆ ಇಬ್ಬನಿಯಿತ್ತೇ ಎಂಬುದನ್ನೂ ಬರೆಯಬೇಕು. ವಾರಕ್ಕೊಮ್ಮೆ ಎರಡನ್ನೂ ಅದಲುಬದಲು ಮಾಡಬೇಕು. ಹೀಗೆ ಮಾಡಿದರೆ ಉಷ್ಣಮಾಪಕಗಳು ಅಗ್ಗದವಾಗಿದ್ದರೂ ಎರಡು ಸ್ಥಳಗಳ ನಡುವಣ ಅಂತರ ವಿಶ್ವಾಸಾರ್ಹವಾಗಿರುತ್ತದೆ. ಇಬ್ಬನಿಯನ್ನು ಅಳೆಯಲು ಇನ್ನೂ ಸುಲಭ. ೧೮೧೪ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಅವರು ಇಬ್ಬನಿ ಆಕಾಶದಿಂದ ಬೀಳುವುದಲ್ಲ, ತಣ್ಣಗಾದ ವಸ್ತುವಿನ ಮೇಲೆ ನೀರಾವಿ ಹನಿಗೂಡುವುದೆಂದು ನಿರೂಪಿಸಿದ್ದು ತೂಕ ಮಾಡಿದ ಉಣ್ಣೆಯ ಎಳೆಗಳನ್ನು ರಾತ್ರಿ ಹೊರಗಿಟ್ಟು ಬೆಳಗ್ಗೆ ಮತ್ತೆ ತೂಗಿಯೇ. ಅಷ್ಟು ಸಲಕರಣೆ ನಮ್ಮ ಯಾವ ಶಾಲೆಯಲ್ಲಿಲ್ಲ?

ಇಂಥ ಹತ್ತು ಶಾಲೆಗಳ ದಾಖಲೆ ಮೂರು ನಾಲ್ಕು ಮಾಗಿಗಳಷ್ಟು ಕಾಲ ಕೂಡಿದರೆ, ಯಾವ ಹೊಲ ತಗ್ಗಿನ ಚಳಿಗೆ ಸೇರಿದ್ದು, ಯಾವುದು ದಿಣ್ಣೆಯ ಬೆಚ್ಚನೆಗೆ ಸೇರಿದ್ದು ಎಂಬುದರ ಪಟವನ್ನು ಊರವರೇ ಬರೆದುಕೊಳ್ಳಬಹುದು. ದ್ರಾಕ್ಷಿ ಎಲ್ಲಿ ನೆಡಬೇಕು, ಹುಳುಮನೆ ಎಲ್ಲಿ ಕಟ್ಟಬೇಕು, ಗೋಡೆಯಲ್ಲಿ ಕಿಂಡಿ ಎಲ್ಲಿ ಬಿಡಬೇಕು ಎಂಬ ಪ್ರಶ್ನೆಗಳಿಗೆ ಆಗ ಊಹೆಯ ಬದಲು ಆಧಾರವಿರುತ್ತದೆ. ಹಳೆಯ ರೈತರಿಗೆ ಇದರಲ್ಲಿ ಬಹುಭಾಗ ಅನುಭವದಿಂದ ಗೊತ್ತಿದೆ. ಅವರನ್ನೂ ಕೇಳಿ ಬರೆದುಕೊಳ್ಳಬೇಕು. ಹೊಲಗಳು ಮಾರಾಟವಾಗಿ ಅವರ ಮಕ್ಕಳು ನಗರಕ್ಕೆ ಹೋದ ಮೇಲೆ ಆ ತಿಳಿವಳಿಕೆ ಹೇಳುವವರಿಲ್ಲದೆ ಕಳೆದುಹೋಗುತ್ತದೆ.

ಶಿವರಾತ್ರಿ ಬಂದರೆ ಚಳಿ "ಶಿವ ಶಿವಾ" ಎಂದು ಹೊರಟುಹೋಗುತ್ತದೆಂದು ನಮ್ಮ ಕಡೆಯ ಮಾತು. ಹೋಗುವ ಮೊದಲು ಅದು ನಮ್ಮ ಊರಿನ ಯಾವ ಮೂಲೆಯಲ್ಲಿ ಎಷ್ಟು ರಾತ್ರಿ ತಂಗಿತ್ತೆಂದು ಬರೆದಿಡುವವರು ಬೇಕು. ಬರುವ ಮಾಗಿಯಲ್ಲಿ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಒಂದು ಉಷ್ಣಮಾಪಕವನ್ನು ಹಿಡಿದು, ಕಂಬಳಿ ಹೊದ್ದು, ಹೊತ್ತು ಮೂಡುವ ಮೊದಲೇ ಹಳ್ಳಕ್ಕೆ ಇಳಿಯಲಿ ಎಂಬುದು ನನ್ನ ಹಾರೈಕೆ.